ನೀಲಿ ಹೆಬ್ಬೆರಳಿನ ಮೂರ್ತಿ ಸರ್

ಮೂರ್ತಿ ಸರ್ ಅವರ ಬಲಗೈ ಹೆಬ್ಬೆರಳು ನೀಲಿಯಾಗಿತ್ತು. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಅಪಾಯಿಂಟ್‌ಮೆಂಟ್ ಲೆಟರನ್ನು ಎರಡು ಸಲ ಓದಿ, ಮಡಚಿ, ವಾಪಸು ಕೊಟ್ಟರು. ಬಿಚ್ಚಿ ನೋಡಿದರೆ ಸರಿಯಾಗಿ ನನ್ನ ಹೆಸರಿನ ಮೇಲೆ ಒಂದು ನೀಲಿ ಹೆಬ್ಬೆಟ್ಟು ಬಿದ್ದಿತ್ತು. ಸುರುಳಿ ಸುರುಳಿ ಗೆರೆಗಳು, ಅವುಗಳ ನಡುವೆ ಯಾವುದೋ ಹಳೆಯ ಗಾಯದ ಒಂದು ಅಡ್ಡಗೆರೆ. ಗದಗಿನಿಂದ ನೇರವಾಗಿ ಬಂದಿಳಿದವಳು ನಾನು, ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ.

"ಸರ್, ಓಟ್ ಹಾಕಿ ಬಂದ್ರೇನ್ರಿ?"

"ಹೆಬ್ಬೆರಳಿಗೆ ಶಾಯಿ ಹಾಕೋ ಎಲೆಕ್ಷನ್ನು ಯಾವ ದೇಶದಲ್ಲಿ ನಡೆಯುತ್ತಮ್ಮಾ?" ಎಂದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಅವರು ನಗದೆ ತಮಾಷೆ ಮಾಡುವ ಜಾತಿಯವರೆಂದು ತಿಳಿಯಲು ನನಗೊಂದು ವಾರ ಬೇಕಾಯಿತು. ಆ ವಾರವೆಲ್ಲ ಹೆದರಿಕೊಂಡೇ ಇದ್ದೆ.

ಆ ನೀಲಿ ಫಿಟ್ಟರುಗಳು ಬಳಸುವ ಪೇಸ್ಟಿನದು. ಎರಡು ಲೋಹದ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೋ ಇಲ್ಲವೋ ನೋಡಬೇಕಾದರೆ ಒಂದರ ಮೈಗೆ ಅದನ್ನು ತೆಳ್ಳಗೆ ಸವರಿ, ಇನ್ನೊಂದನ್ನು ಒತ್ತಿ, ಎತ್ತಿ ನೋಡುತ್ತಾರೆ. ಎಲ್ಲಿ ನೀಲಿ ಹತ್ತಿದೆಯೋ ಅಲ್ಲಿ ತಾಗಿದೆ ಎಂದು ಲೆಕ್ಕ. ಕಾರ್ಖಾನೆಯ ಮಟ್ಟಿಗೆ ಇದು ಸಾಮಾನ್ಯ ಪದ್ಧತಿ. ಮೂರ್ತಿ ಸರ್ ಮಾತ್ರ ಇದನ್ನು ಇಡೀ ಪ್ರಪಂಚಕ್ಕೆ ಅನ್ವಯಿಸುತ್ತಿದ್ದರು. ಟಿಫಿನ್ ಡಬ್ಬಿಯ ಮುಚ್ಚಳ, ಆಫೀಸಿನ ಕುಂಟು ಸ್ಟೂಲಿನ ಕಾಲು, ಹೆಂಡತಿಯ ಕುಕ್ಕರು, ತಮ್ಮದೇ ಚಪ್ಪಲಿಯ ಅಟ್ಟೆ, ಒಂದನ್ನೂ ಬಿಟ್ಟವರಲ್ಲ. ಒಮ್ಮೆ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ ಅವರು ಹೊಸ ಹಲ್ಲಿನ ಸೆಟ್ಟು ಕೂರಿಸಿ, ನಡುವೆ ಒಂದು ನೀಲಿ ಕಾಗದವಿಟ್ಟು ಕಚ್ಚಿ ಎಂದರಂತೆ. ಮರುದಿನ ಆಫೀಸಿಗೆ ಬಂದವರ ಸಂಭ್ರಮ ಹೇಳತೀರದು. "ಡಾಕ್ಟ್ರೂ ನಮ್ಮ ಲೈನೇ ಕಣಮ್ಮ! ಸುಮ್ನೆ ಎಂಬಿಬಿಎಸ್ಸು ಬಿಡಿಎಸ್ಸು ಅಂತ ಹೆಸರು ಬೇರೆ!"

ನಮ್ಮ ಕಂಪನಿ ಇದ್ದದ್ದು ಮುಂಬಯಿಯ ವಿಕ್ರೋಳಿಯಲ್ಲಿ, ದೊಡ್ಡ ದೊಡ್ಡ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಒಂದು ಓಣಿಯ ಕೊನೆಗೆ. ಆಸ್ಪತ್ರೆಗಳಲ್ಲಿ ಕತ್ತರಿ, ಬಟ್ಟೆ, ಬಾಟಲಿಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ಉಕ್ಕಿನ ದೊಡ್ಡ ಪೆಟ್ಟಿಗೆಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಮೂರ್ತಿ ಸರ್ ಕಂಪ್ಯೂಟರ್ ಸೆಕ್ಷನ್ನಿನ ಮುಖ್ಯಸ್ಥರು. ಸೆಕ್ಷನ್ ಎಂದರೆ ಅವರು, ನಾನು, ಒಂದು ಟರ್ಮಿನಲ್ಲು ಮತ್ತು ಒಂದು ಏಸಿ. ಏಸಿ ನಮಗಲ್ಲ, ಯಂತ್ರಕ್ಕೆ. ಯಂತ್ರವೂ ನಮ್ಮದೊಬ್ಬರದೇ ಅಲ್ಲ. ಪಗಾರದ ವಾರ ಬಂತೆಂದರೆ ಅಕೌಂಟ್ಸಿನವರು ಬಂದು ನಮ್ಮನ್ನು ಎಬ್ಬಿಸುತ್ತಿದ್ದರು. ನಮ್ಮ ಲೆಕ್ಕ ಎಂಥ ಘಟ್ಟದಲ್ಲಿದ್ದರೂ ಅಲ್ಲಿಗೇ ನಿಲ್ಲಬೇಕು. "ಏಳಮ್ಮ, ಲಕ್ಷ್ಮಿ ಬಂದ್ಲು. ಸರಸ್ವತಿ ಎದ್ದು ಜಾಗ ಬಿಡಬೇಕು" ಎಂದು ಸರ್ ಪಂಚೆ ಕೊಡವಿದಂತೆ ಪ್ಯಾಂಟು ಕೊಡವಿಕೊಂಡು ಏಳುತ್ತಿದ್ದರು.

ನಮ್ಮ ಕೆಲಸವೇನೆಂದು ಊರಿಗೆ ಹೋದಾಗ ಅವ್ವನಿಗೆ ಹೇಳುವುದೇ ಕಷ್ಟವಾಗುತ್ತಿತ್ತು. ಒಂದು ಯಂತ್ರದ ಭಾಗವನ್ನು ಕಂಪ್ಯೂಟರಿನೊಳಗೆ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಭಾರ ಹೇರಿದರೆ ಎಲ್ಲಿ ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕುವುದು. ಒಂದೇ ವಸ್ತುವಾದರೆ ಸುಲಭ. ಎರಡು ವಸ್ತುಗಳು ಒಂದನ್ನೊಂದು ಮುಟ್ಟುವಂತಿದ್ದರೆ ಗ್ರಹಚಾರ ಶುರು. ಕಂಪ್ಯೂಟರಿಗೆ ನಾವು ಹೇಳದೆ ಇದ್ದರೆ ಉಕ್ಕಿಗೆ ಉಕ್ಕು ಅಡ್ಡ ಬರುತ್ತದೆ ಎಂಬುದೇ ಗೊತ್ತಿಲ್ಲ. ಬಾಗಿಲು ಗೋಡೆಯೊಳಕ್ಕೆ ದೆವ್ವದ ಹಾಗೆ ತೂರಿಹೋಗುತ್ತದೆ. ಅದು ತೂರದಂತೆ, ಮುಟ್ಟಿದಾಗ ಮಾತ್ರ ತಡೆಯುವಂತೆ ಮಾಡುವ ಪ್ರೋಗ್ರಾಮನ್ನು ಮೂರ್ತಿ ಸರ್ ವರ್ಷಗಟ್ಟಲೆ ಕೂತು ತಾವೇ ಬರೆದಿದ್ದರು. ಕೆಲವರಿಗೆ ಸ್ವಂತ ಮನೆ ಕಟ್ಟಿಸುವ ಹುಚ್ಚಿರುತ್ತದಲ್ಲ, ಇವರಿಗೆ ಇದು.

ನನ್ನ ಮೊದಲ ಲೆಕ್ಕ ಇನ್ನೂ ನೆನಪಿದೆ. ಪೆಟ್ಟಿಗೆಯ ಬಾಗಿಲು, ಅದರ ಎದುರು ಚೌಕಟ್ಟು, ನಡುವೆ ಕೂದಲೆಳೆಯಷ್ಟು ಸಂದು. ಉತ್ತರದ ಕಾಗದ ಪ್ರಿಂಟರಿನಿಂದ ಕರಕರ ಎನ್ನುತ್ತ ಹೊರಬಂತು. ಬಾಗಿಲು ಎಷ್ಟು ಸರಿದಿದೆ ಎಂಬ ಕಡೆ ಒಂದು ಅಂಕಿ, ಅದರ ಹಿಂದೆ ಸೊನ್ನೆಗಳ ದಿಬ್ಬಣ. ಸರ್ ಕನ್ನಡಕ ಮೇಲಕ್ಕೆತ್ತಿ ಓದಿದರು.

"ಶಹಬಾಸ್ ಸುನಂದಾ. ನಿನ್ನ ಬಾಗಿಲು ಕಲ್ಯಾಣ್ ದಾಟಿ, ಪುಣೆ ದಾಟಿ, ನಿಮ್ಮ ಗದಗಿನ ಮೇಲೆ ಹಾದು ಚಂದ್ರಲೋಕಕ್ಕೆ ಹೋಗಿದೆ. ಟಿಕೆಟ್ ತೊಗೊಂಡಿತ್ತೋ ಇಲ್ವೋ."

"ಏನ್ ತಪ್ಪಾತ್ರಿ ಸರ್?" ಎಂದೆ, ಅಳು ಬರುವುದೊಂದು ಬಾಕಿ.

"ಅದು ಇನ್ನೂ ಯಾರನ್ನೂ ಮುಟ್ಟಿಲ್ಲ ಕಣಮ್ಮ. ಯಾರ ಆಸರೆಯೂ ಇಲ್ಲದೆ ನಡು ಆಕಾಶದಲ್ಲಿ ನಿಂತಿದೆ. ಇರುವೆ ಉಸಿರು ಬಿಟ್ಟರೂ ಸಾಕು, ಹೊರಟುಹೋಗುತ್ತೆ. ಚೌಕಟ್ಟು ತಾಗೋವರೆಗೂ ಒಂದು ಮೆತ್ತನೆ ಸ್ಪ್ರಿಂಗ್ ಕಟ್ಟು. ಭಾರ ಹೊರೋದು ಅದರ ಕೆಲಸ ಅಲ್ಲ. ಕಳೆದುಹೋಗದ ಹಾಗೆ ನೋಡ್ಕೊಂಡರೆ ಸಾಕು." ಕಾಗದ ಮಡಚಿಡುತ್ತ, ಬೇರೇನೋ ನೆನಪಾದವರಂತೆ ಕೇಳಿದರು. "ಎಲ್ಲಿ ಇಳ್ಕೊಂಡಿದೀಯಮ್ಮ?"

"ಭಾಂಡೂಪಿನ್ಯಾಗ್ರಿ. ಪೇಯಿಂಗ್ ಗೆಸ್ಟ್."

"ಊಟ?"

"ವಡಾಪಾವ್ ರಿ."

"ಭಾನುವಾರ ಮಾತುಂಗಕ್ಕೆ ಬಾ. ಲಲಿತ ಹುಳಿ ಮಾಡಿರ್ತಾಳೆ."

ಭಾನುವಾರ ಹೋದೆ. ಮುಂದಿನ ಭಾನುವಾರವೂ ಹೋದೆ. ಆ ಸ್ಪ್ರಿಂಗಿನ ಮಾತಿಗೂ ಈ ಹುಳಿಗೂ ಸಂಬಂಧವಿದೆಯೆಂದು ನನ್ನ ಮಂದ ಬುದ್ಧಿಗೆ ಹೊಳೆದದ್ದು ಬಹಳ ತಡವಾಗಿ. ಅಷ್ಟು ಹೊತ್ತಿಗೆ ನಾನು ಆ ಮನೆಯ ಹುಡುಗಿಯೇ ಆಗಿಬಿಟ್ಟಿದ್ದೆ. ಆ ದೊಡ್ಡ ಊರಿನಲ್ಲಿ ನಾನು ಎಲ್ಲೂ ಹಾರಿಹೋಗದೆ ಉಳಿದದ್ದು ಅವರಿಂದ.

ಮಾತುಂಗದ ಆ ಫ್ಲ್ಯಾಟಿನಲ್ಲಿ ನೀಲಿ ಹೆಬ್ಬೆಟ್ಟಿಲ್ಲದ ವಸ್ತು ಹುಡುಕಬೇಕಿತ್ತು. ಕ್ಯಾಲೆಂಡರು, ಫ್ರಿಜ್ಜು, ಹಾಲಿನ ಪಾತ್ರೆ, ದೇವರ ಮನೆಯ ಗಂಟೆ. ಸರ್ ಅವರ ಹೆಂಡತಿ ಲಲಿತಮ್ಮನವರು "ನಮ್ಮನೆಗೆ ಕಳ್ಳ ಬಂದ್ರೂ ಪೊಲೀಸ್ನೋರು ಇವರನ್ನೇ ಹಿಡ್ಕೊಂಡು ಹೋಗ್ತಾರೆ" ಎನ್ನುತ್ತಿದ್ದರು. ಮನೆಯಲ್ಲಿದ್ದ ಇನ್ನೊಬ್ಬರು ಸರ್ ಅವರ ತಾಯಿ ಸೀತಮ್ಮನವರು. ಮೈಸೂರಿನ ಅಗ್ರಹಾರದ ಮಡಿಯನ್ನು ಒಂದು ಹನಿಯೂ ಚೆಲ್ಲದಂತೆ ಮುಂಬಯಿಗೆ ತಂದವರು. ನಡುಮನೆಯಿಂದ ಅಡುಗೆಮನೆಗೆ ಹೋಗುವ ಓಣಿ ಎಷ್ಟು ಕಿರಿದೆಂದರೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಯಾಗಬೇಕು. ಸೀತಮ್ಮನವರು ಒದ್ದೆ ಸೀರೆಯಲ್ಲಿ ಅಲ್ಲಿ ಕಾಲಿಟ್ಟರೆಂದರೆ ನಾವೆಲ್ಲ ಗೋಡೆಗಳೇ. ನನ್ನ ಮೇಲೆ ಅವರಿಗೆ ತುಂಬ ಪ್ರೀತಿ. ಹೋಳಿಗೆಯನ್ನು ನನ್ನ ತಟ್ಟೆಗೆ ಮೊಳದೆತ್ತರದಿಂದ ಗುರಿಯಿಟ್ಟು ಬಿಡುತ್ತಿದ್ದರು. ಗುರಿ ಒಮ್ಮೆಯೂ ತಪ್ಪಿದ್ದಿಲ್ಲ.

ಒಂದು ಭಾನುವಾರ ಸರ್ ನನ್ನನ್ನು ಆ ಓಣಿಯ ಬಾಯಲ್ಲಿ ನಿಲ್ಲಿಸಿದರು. "ನಾನು ಕೊಟ್ಟ ಪುಸ್ತಕ ಓದಿದೆಯಲ್ಲ, ಅರ್ಥ ಆಯ್ತಾ? ಇಲ್ಲ ತಾನೆ? ಈಗ ನೋಡು. ಅಮ್ಮ ಮಡಿಯಲ್ಲಿದಾರೆ. ನಾನು ಒಂದು ಮೊಳ ದೂರ ಇದೀನಿ. ಏನಾದ್ರೂ ಅಂದ್ರಾ? ಇಲ್ಲ. ಒಂದು ಗೇಣು. ಆಗಲೂ ಇಲ್ಲ. ಒಂದು ಬೆರಳು. ಊಹ್ಞೂಂ. ಕೂದಲೆಳೆ. ಆಗಲೂ ಸೊನ್ನೆ. ಈಗ..." ಎಂದವರೇ ತಾಯಿಯ ಸೆರಗಿನ ತುದಿಗೆ ನೀಲಿ ಹೆಬ್ಬೆರಳು ತಾಗಿಸಿಬಿಟ್ಟರು.

"ಅಯ್ಯೋ ನಿನ್ನ ಮನೆ ಹಾಳಾಗ! ದೂರ ನಿಲ್ಲೋ! ನಲ್ಲಿ ಬೇರೆ ನಿಂತುಹೋಗಿದೆ, ಇನ್ನೊಂದ್ಸಲ ಸ್ನಾನ ಎಲ್ಲಿಂದ ಮಾಡ್ಲೋ!"

"ಕಂಡ್ಯಾ?" ಎಂದರು ಸರ್, ತೃಪ್ತಿಯಿಂದ. "ಸೊನ್ನೆಯಿಂದ ನೇರ ಆಕಾಶಕ್ಕೆ. ನಡುವೆ ಮೆಟ್ಟಿಲೇ ಇಲ್ಲ. ಇದಕ್ಕೇ ಕಾಂಟ್ಯಾಕ್ಟ್ ಅನ್ನೋದು." ಹಾಳಾಗಬೇಕಾದ ಮನೆ ತಮ್ಮದೇ ಎಂಬುದು ಸೀತಮ್ಮನವರಿಗೆ ಹೊಳೆದು ಅವರೂ ನಕ್ಕರು. ಇಂಗ್ಲಿಷ್ ಪುಸ್ತಕ ಹಲವು ಪುಟಗಳಲ್ಲಿ ಹೇಳಲಾರದ್ದು ನನಗೆ ಆ ಓಣಿಯಲ್ಲಿ ಅರ್ಥವಾಯಿತು.

ಇನ್ನೊಂದು ಮಾತನ್ನೂ ಅವರು ಆಗಾಗ ಹೇಳುತ್ತಿದ್ದರು. ನಮ್ಮ ಆಫೀಸಿನ ಕಿಟಕಿಯಿಂದ ರೈಲು ಹಳಿ ಕಾಣುತ್ತಿತ್ತು. ವಿ.ಟಿ. ಸ್ಟೇಷನ್ ಕಡೆಗೆ ಹೋಗುವ ಲೋಕಲ್ಲಿಗೆ ಜೋತುಬಿದ್ದ ಜನರನ್ನು ತೋರಿಸಿ, "ನೋಡಮ್ಮ, ಮುಟ್ಟಿದ ವಸ್ತು ತಳ್ಳುತ್ತೆ, ಎಳೆಯಲ್ಲ. ಎಳೆದರೆ ಅದು ಅಂಟು. ನಮ್ಮ ಮಲ್ಹೋತ್ರಾನೇ ನೋಡು. ತಳ್ಳಿದ್ದು ಬಿಟ್ರೆ ಯಾವತ್ತಾದ್ರೂ ಎಳೆದಿದಾರಾ?" ಎನ್ನುತ್ತಿದ್ದರು.

ಮಲ್ಹೋತ್ರ ನಮ್ಮ ಜನರಲ್ ಮ್ಯಾನೇಜರು. ಸದಾ ಸಫಾರಿ ಸೂಟು, ಸದಾ ಅವಸರ. ಆ ವರ್ಷ ಅವರು ಮೂರ್ತಿ ಸರ್ ಅವರನ್ನು ನಿಜಕ್ಕೂ ತಳ್ಳುವ ಕಾಲ ಬಂತು.

ಕಂಪನಿ ಒಂದು ದೊಡ್ಡ ಪೆಟ್ಟಿಗೆ ಮಾಡಲು ಹೊರಟಿತ್ತು. ಅದರ ದುಂಡು ಬಾಗಿಲಿನ ಸುತ್ತ ಹನ್ನೆರಡು ಉಕ್ಕಿನ ಹಲ್ಲುಗಳು, ಎದುರು ಪೆಟ್ಟಿಗೆಯ ಬಾಯಿಗೆ ಕೂರಿಸಿದ ಉಕ್ಕಿನ ಬಳೆಯಲ್ಲೂ ಅಷ್ಟೇ. ಬಾಗಿಲು ಮುಚ್ಚಿ ಸ್ವಲ್ಪ ತಿರುಗಿಸಿದರೆ ಹಲ್ಲುಗಳು ಒಂದರ ಹಿಂದೊಂದು ಸೇರಿಕೊಳ್ಳುತ್ತವೆ. ಒಳಗೆ ಹಬೆ ತುಂಬಿದಾಗ ಬಾಗಿಲನ್ನು ಹಿಡಿದು ನಿಲ್ಲಿಸುವುದು ಆ ಹಲ್ಲುಗಳೇ. ಆದರೆ ಪರೀಕ್ಷೆಗೆ ಇಟ್ಟಾಗಲೆಲ್ಲ ಬಾಗಿಲಿನ ಒಂದು ಬದಿಯಿಂದ ಸೋರುತ್ತಿತ್ತು. ಯಂತ್ರ ಜೋಡಿಸುವ ಶಾಪ್‌ನ ಫೋರ್‌ಮನ್ ಸಾವಂತ್ ಅವರದು ಒಂದೇ ಮಾತು, "ದರ್ವಾಜಾ ಜಾಡ್ ಕರಾ ಸಾಹೇಬ್." ಬಾಗಿಲು ದಪ್ಪ ಮಾಡಿ. ದಪ್ಪ ಮಾಡಿದ್ದಾಯಿತು. ಇನ್ನೂ ಸೋರಿತು. ಇನ್ನೂ ದಪ್ಪ ಮಾಡಿದರೆ ಅದನ್ನು ತಿರುಗಿಸಲು ನರ್ಸುಗಳ ಬದಲು ಪೈಲ್ವಾನರನ್ನು ಇಡಬೇಕಾಗುತ್ತಿತ್ತು.

ಮಲ್ಹೋತ್ರ ಮೀಟಿಂಗ್ ಕರೆದರು. ವಿದೇಶದಿಂದ ಡ್ರಾಯಿಂಗ್ ತರಿಸುವುದು, ಕಂಪ್ಯೂಟರನ್ನು ಪೂರ್ತಿ ಪಗಾರದವರಿಗೆ ಬಿಟ್ಟುಕೊಡುವುದು, ಸುನಂದಾಳನ್ನು ಡ್ರಾಯಿಂಗ್ ಆಫೀಸಿಗೆ ಹಾಕುವುದು, ಮೂರ್ತಿಯವರನ್ನು ಬೈಕುಲ್ಲಾದ ಸ್ಪೇರ್ ಪಾರ್ಟ್ಸ್ ಗೋದಾಮಿಗೆ ಕಳಿಸುವುದು ಎಂದರು. ಸರ್ ಕನ್ನಡಕ ತೆಗೆದು ಹೆಬ್ಬೆರಳಿನಿಂದ ಒರೆಸಿಕೊಂಡರು. ಆಮೇಲೆ ಅವರಿಗೆ ಜಗತ್ತು ಅರ್ಧ ನೀಲಿಯಾಗಿ ಕಂಡಿರಬೇಕು.

ನಮ್ಮ ಕೋಣೆಗೆ ಬಂದ ಮೇಲೆ ಮೆಲ್ಲಗೆ ಹೇಳಿದರು. "ಗೋದಾಮಿನಲ್ಲಿ ಏನು ಲೆಕ್ಕ ಮಾಡ್ಲಮ್ಮ? ವಾಷರ್ ಎಣಿಸ್ತಾ ಕೂರೋದಾ?" ಅವರ ದನಿ ಅಷ್ಟು ಇಳಿದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಈ ಮನುಷ್ಯನನ್ನು ಈ ಲೆಕ್ಕದಿಂದ ಎಬ್ಬಿಸಿದರೆ ಇವರು ಬದುಕುವುದಿಲ್ಲ ಎನ್ನಿಸಿಬಿಟ್ಟಿತು. ನನಗಾಗ ವಯಸ್ಸು ಚಿಕ್ಕದು, ಎಲ್ಲದರಲ್ಲೂ ಸಾವು ಕಾಣುತ್ತಿತ್ತು. ಆದರೂ ಅಂದು ಅನ್ನಿಸಿದ್ದು ಪೂರ್ತಿ ಸುಳ್ಳೆಂದು ಈಗಲೂ ಹೇಳಲಾರೆ.

ಲೆಕ್ಕಕ್ಕೆ ಕೂತೆವು. ಹನ್ನೆರಡು ಹಲ್ಲುಗಳಲ್ಲಿ ಯಾವುದು ತಾಗುತ್ತದೆ, ಯಾವುದು ಇಲ್ಲ ಎಂದು ಕಂಪ್ಯೂಟರು ಮೊದಲು ಊಹಿಸುತ್ತದೆ, ಲೆಕ್ಕ ಹಾಕುತ್ತದೆ, ಊಹೆ ತಪ್ಪಿದರೆ ಬದಲಾಯಿಸಿ ಮತ್ತೆ ಹಾಕುತ್ತದೆ. ಎಲ್ಲ ಹಲ್ಲುಗಳೂ ಬೇಗ ಒಂದು ತೀರ್ಮಾನಕ್ಕೆ ಬಂದವು, ಏಳನೆಯದೊಂದನ್ನು ಬಿಟ್ಟು. ಅದು ಒಂದು ಸುತ್ತಿನಲ್ಲಿ ತಾಗುತ್ತಿತ್ತು, ಮುಂದಿನ ಸುತ್ತಿನಲ್ಲಿ ಬಿಡುತ್ತಿತ್ತು. ನಿಶ್ಚಿತಾರ್ಥಕ್ಕೆ ಒಪ್ಪಿ ಮರುದಿನ ಬೇಡವೆನ್ನುವ ಗಂಡಿನ ಹಾಗೆ. ಸರ್ ಅದಕ್ಕೆ ಚಂಚಲೆ ಎಂದು ಹೆಸರಿಟ್ಟು ಬೈದರು, ಮುದ್ದು ಮಾಡಿದರು, ಹೆಜ್ಜೆ ಹೆಜ್ಜೆಯಾಗಿ ಒತ್ತಡ ಏರಿಸಿ ಒಲಿಸಿಕೊಂಡರು. ನಡುವೆ ಲಕ್ಷ್ಮಿ ಬಂದು ಒಂದು ವಾರ ಎಬ್ಬಿಸಿದಳು. ಕೊನೆಗೂ ಉತ್ತರ ಬಂತು. ಕೀಲಿನ ಬದಿಯ ಹಲ್ಲುಗಳು ಮಾತ್ರ ತಾಗುತ್ತಿವೆ. ಆಚೆ ಬದಿಯವು ಸುಮ್ಮನೆ ನೋಡುತ್ತ ನಿಂತಿವೆ. ಅದಕ್ಕೇ ಬಾಗಿಲು ಓರೆಯಾಗಿ ಸೋರುತ್ತಿದೆ. ದಪ್ಪ ಮಾಡುವುದು ಬೇಕಿಲ್ಲ, ಕೀಲಿನ ಬದಿಯ ಹಲ್ಲುಗಳನ್ನು ಅರದಿಂದ ಒಂದು ಕೂದಲಷ್ಟು ಉಜ್ಜಿದರೆ ಸಾಕು, ಹನ್ನೆರಡೂ ಸೇರಿ ಭಾರ ಹೊರುತ್ತವೆ.

ಮಲ್ಹೋತ್ರ ಕೇಳಿಸಿಕೊಂಡರು. "ಠೀಕ್ ಹೈ. ಉಜ್ಜುವ ಮೊದಲು ನೀಲಿ ಹಚ್ಚಿ ತೋರಿಸಿ. ಕಂಪ್ಯೂಟರ್ ಹೇಳಿದ ಹಲ್ಲುಗಳೇ ತಾಗಿದ್ದರೆ ನಿಮ್ಮ ಸೆಕ್ಷನ್ ಇರುತ್ತದೆ. ಇಲ್ಲದಿದ್ದರೆ ಸೋಮವಾರ ಬೈಕುಲ್ಲಾ" ಎಂದರು.

ಪರೀಕ್ಷೆಯ ದಿನ ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ಅಮ್ಮ ಇಟ್ಟ ಅಂಗಾರ ಅಕ್ಷತೆಯ ಸಮೇತ ಬಂದರು. ಸಾವಂತ್ ಬಾಗಿಲಿನ ಹಲ್ಲುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಥಳಥಳ ಮಾಡಿದ್ದರು. ಎದುರಿನ ಬಳೆಗೆ ನೀಲಿ ಸವರುವ ಕೆಲಸವನ್ನು ಸರ್ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ, ತಾವೇ ತೆಳ್ಳಗೆ ಹಚ್ಚಿದರು. ಮಲ್ಹೋತ್ರ ಬರುವುದು ತಡವಾಯಿತು. ಕಾಯುತ್ತ ಸರ್ ತೆರೆದ ಬಾಗಿಲ ಮುಂದೆ ನಿಂತರು. ಮದುವೆ ಮನೆಯಲ್ಲಿ ಎಲೆ ಎಣಿಸುವವರ ಹಾಗೆ ಹಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತ, ಏನೋ ಗೊಣಗುತ್ತ ಸುತ್ತು ಹಾಕಿದರು. ನಾನು ನೋಡಿದೆ. ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರು ಮುಟ್ಟದೆ ಬಿಟ್ಟ ವಸ್ತು ಆ ಶಾಪಿನಲ್ಲಿ ಯಾವುದಿತ್ತು?

ಮಲ್ಹೋತ್ರ ಬಂದರು. ಬಾಗಿಲು ಮುಚ್ಚಿ ತಿರುಗಿಸಿದರು. ಸಾವಂತ್ ಪಂಪು ಹಚ್ಚಿ ಒಳಗೆ ನೀರಿನ ಒತ್ತಡ ಏರಿಸಿದರು, ಸ್ವಲ್ಪ ಹೊತ್ತು ನಿಲ್ಲಿಸಿ ಇಳಿಸಿದರು. ಬಾಗಿಲು ತೆರೆಯಿತು.

ಹನ್ನೆರಡು ಹಲ್ಲಿಗೂ ನೀಲಿ ಹತ್ತಿತ್ತು.

"ಸಬ್ ಲಗಾ ಹೈ," ಎಂದರು ಮಲ್ಹೋತ್ರ. ಎಲ್ಲವೂ ತಾಗಿದೆ. ಸಿಟ್ಟಿನಿಂದ ಹೇಳಲಿಲ್ಲ, ಅದೇ ಹೆಚ್ಚು ನೋವಾಯಿತು. ಸರ್ ಅವರ ಭುಜದ ಕಡೆ ಒಮ್ಮೆ ನೋಡಿ ತಮ್ಮ ಕ್ಯಾಬಿನ್ನಿಗೆ ಹೊರಟರು. ಸಾವಂತ್ ಗೆದ್ದವರಂತೆ ಮುಖ ಮಾಡಬಹುದಿತ್ತು. ಹಾಗೆ ಮಾಡದೆ ಪಂಪಿನ ಪೈಪು ಸುತ್ತತೊಡಗಿದರು. ಸರ್ ಒಂದು ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

"ಲೆಕ್ಕ ತಪ್ಪಿತಮ್ಮ," ಎಂದರು. "ಬೈಕುಲ್ಲಾಗೆ ಯಾವ ಟ್ರೇನ್ ಹಿಡೀಬೇಕು? ಎಲ್ಲಾ ಫಾಸ್ಟೂ ನಿಲ್ಲಲ್ಲ ಅಲ್ವಾ?"

ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಕೈಗೇನಾದರೂ ಕೆಲಸ ಬೇಕೆಂದು ಹತ್ತಿಯ ವೇಸ್ಟ್ ತೆಗೆದುಕೊಂಡು ಬಾಗಿಲ ಹಲ್ಲುಗಳನ್ನು ಒರೆಸಲು ಹೋದೆ. ಆಚೆ ಬದಿಯ ಕೊನೆಯ ಹಲ್ಲಿಗೆ ಕೈ ಹಾಕಿದವಳು ಹಾಗೇ ನಿಂತೆ. ಆ ನೀಲಿಯಲ್ಲಿ ಗೆರೆಗಳಿದ್ದವು. ಸುರುಳಿ ಸುರುಳಿ ಗೆರೆಗಳು, ನಡುವೆ ಒಂದು ಅಡ್ಡಗೆರೆ. ಇದನ್ನು ಎಲ್ಲೋ ನೋಡಿದ್ದೇನೆ. ಎಲ್ಲಿ? ನನ್ನ ಅಪಾಯಿಂಟ್‌ಮೆಂಟ್ ಲೆಟರಿನ ಮೇಲೆ, ನನ್ನ ಹೆಸರಿನ ಮೇಲೆ! ಪಕ್ಕದ ಹಲ್ಲು ನೋಡಿದೆ, ಅದೇ ಸುರುಳಿ. ಅದರ ಪಕ್ಕದ್ದೂ ಅದೇ. ಕೀಲಿನ ಬದಿಗೆ ಓಡಿ ನೋಡಿದರೆ ಅಲ್ಲಿ ಮಾತ್ರ ಗೆರೆಗಳೆಲ್ಲ ಅಳಿಸಿ, ಅಗಲಕ್ಕೆ ಚಪ್ಪಟೆಯಾಗಿ ಒತ್ತಿದ ನೀಲಿ.

"ಸರ್! ಇದು ಹಲ್ಲು ತಾಗಿದ್ದಲ್ರಿ!" ಎಂದು ಕಿರುಚಿದೆ. ಇಡೀ ಶಾಪು ತಿರುಗಿ ನೋಡಿತು. "ನಿಮ್ಮ ಹೆಬ್ಬಟ್ರೀ! ಎಲ್ಲಾ ಹಲ್ಲಿಗೂ ನೀವ ಹಚ್ಚೀರಿ!"

ಸಾವಂತ್ ಟಾರ್ಚು ತಂದರು. ಹಲ್ಲು ನೋಡಿದರು. ಆಮೇಲೆ ಸರ್ ಅವರ ಬಳಿ ಹೋಗಿ, ಹವಾಲ್ದಾರರ ಹಾಗೆ ಅವರ ಕೈ ಹಿಡಿದೆಬ್ಬಿಸಿ ಕರೆತಂದು, ಹೆಬ್ಬೆರಳನ್ನು ಹಲ್ಲಿನ ಪಕ್ಕಕ್ಕೆ ಹಿಡಿದು ನೋಡಿದರು. "ಆಯ್ಲಾ!" ಎಂದರು. ಸರ್ ತಮ್ಮ ಹೆಬ್ಬೆರಳನ್ನು ತಾವೇ ಮೊದಲ ಸಲ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಮಲ್ಹೋತ್ರರನ್ನು ವಾಪಸು ಕರೆಸಿದೆವು. ಅವರು ಬಗ್ಗಿ ನೋಡಿದರು, ಎದ್ದರು, ಮತ್ತೆ ಬಗ್ಗಿದರು. ನಂತರ ಅವರು ನಕ್ಕರು. ಅವರಿಗೆ ನಗಲು ಬರುತ್ತದೆಂದೇ ನಮಗೆ ಗೊತ್ತಿರಲಿಲ್ಲ. "ಅರೇ ಮೂರ್ತಿಜೀ, ಇಷ್ಟು ಓದಿ ಕೊನೆಗೆ ಅಂಗೂಠಾ ಛಾಪ್!" ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುತ್ತಾರಲ್ಲ, ಅದನ್ನು ಹೇಳಿದ್ದು. ನಗು ಮುಗಿದ ಮೇಲೆ ಗಂಭೀರವಾದರು. "ಇನ್ನೊಮ್ಮೆ ಮಾಡಿ. ಆದರೆ ಮೊದಲು ಇವರ ಕೈ ಕಟ್ಟಿ."

ಕೈ ಕಟ್ಟುವುದಕ್ಕೆ ಸಾವಂತ್ ಅವರ ಸಂಕೋಚ ಒಪ್ಪಲಿಲ್ಲ. ಅವರು ಚಹಾದವನನ್ನು ಕೂಗಿ, ಬಿಸಿ ಚಹಾ ಅಂಚಿನವರೆಗೆ ತುಂಬಿದ ಎರಡು ಗ್ಲಾಸು ತರಿಸಿ, ಸರ್ ಅವರ ಎರಡೂ ಕೈಗೆ ಒಂದೊಂದು ಕೊಟ್ಟು ನಿಲ್ಲಿಸಿದರು. ಹಲ್ಲುಗಳನ್ನು ಮತ್ತೆ ತೊಳೆದು, ಬಳೆಗೆ ತಾವೇ ನೀಲಿ ಹಚ್ಚಿದರು. ಸರ್ ದ್ವಾರಪಾಲಕರ ಹಾಗೆ ನಿಂತಿದ್ದರು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರೂ ಚಹಾ ತುಳುಕಿ ಕೈ ಸುಡುತ್ತಿತ್ತು.

"ಒಂದು ಗುಟುಕು ಕುಡೀಲಾ?"

"ನಕೋ ಸಾಹೇಬ್! ಹಲೂ ನಕಾ!" ಬೇಡ ಸಾಹೇಬರೆ, ಅಲುಗಾಡಲೇಬೇಡಿ ಎಂದು ಸಾವಂತ್ ಪಂಪಿನ ಮೇಲಿನಿಂದಲೇ ಗದರಿದರು.

ಈ ಸಲ ಬಾಗಿಲು ತೆರೆದಾಗ ಕೀಲಿನ ಬದಿಯ ಹಲ್ಲುಗಳ ಮೇಲೆ ನೀಲಿ. ಆಚೆ ಬದಿಯವು ಸೀಮೆಎಣ್ಣೆಯ ಹೊಳಪಿನಲ್ಲಿ ಹಾಗೇ ಇದ್ದವು, ಮುಟ್ಟಿಸಿಕೊಳ್ಳದೆ, ಸೀತಮ್ಮನವರಷ್ಟು ಮಡಿಯಾಗಿ. ನಡುವಿನ ಏಳನೆಯ ಹಲ್ಲಿನ ಅಂಚಿಗೆ ಮಾತ್ರ ಅರ್ಧ ನೀಲಿ, ಅರ್ಧ ಇಲ್ಲ.

"ಚಂಚಲೆ!" ಎಂದು ಮೂರ್ತಿ ಸರ್ ಎರಡೂ ಕೈ ಮೇಲೆತ್ತಿ ಕೂಗಿದರು. "ಅಗೋ ನೋಡಮ್ಮಾ ಚಂಚಲೆ! ಒಪ್ಪಿದಾಳೆ, ಒಪ್ಪಿಲ್ಲ!"

ಎರಡು ಗ್ಲಾಸು ಚಹಾ ಮಲ್ಹೋತ್ರರ ಸಫಾರಿ ಸೂಟಿನ ಮೇಲೆ ಬಿತ್ತು. ಅವರು ತೋಳು ಕೊಡವಿಕೊಳ್ಳುತ್ತ, "ಸೆಕ್ಷನ್ ರಹೇಗಾ," ಎಂದಷ್ಟೇ ಹೇಳಿ ಹೊರಟುಹೋದರು. ಸೆಕ್ಷನ್ ಇರುತ್ತದೆ! ನಾನು ವೇಸ್ಟ್ ಹತ್ತಿಯಲ್ಲೇ ಕಣ್ಣೊರೆಸಿಕೊಂಡೆ. ಆ ದಿನ ಭಾಂಡೂಪಿನವರೆಗೆ ನನ್ನ ಮುಖವೂ ನೀಲಿಯಾಗಿತ್ತು.

ಸಾವಂತ್ ಹಲ್ಲುಗಳನ್ನು ಉಜ್ಜಿದರು, ಸೋರುವುದು ನಿಂತಿತು, ಆ ಪೆಟ್ಟಿಗೆ ಪರೇಲ್‌ನ ಒಂದು ಆಸ್ಪತ್ರೆಗೆ ಹೋಯಿತು. ಅದರ ಹಿಂದೆ ಇನ್ನೂ ಹಲವು ಹೋದವು. ಶಾಪಿನಲ್ಲಿ ಮಾತ್ರ ಅಂದಿನಿಂದ ಒಂದು ಪದ್ಧತಿ ಬಂತು. ಮೂರ್ತಿ ಸರ್ ಒಳಗೆ ಕಾಲಿಟ್ಟರೆ ಸಾಕು, ಯಾರೂ ಏನೂ ಹೇಳುವ ಮೊದಲೇ ಅವರ ಎರಡೂ ಕೈಗೆ ಎರಡು ಗ್ಲಾಸು ಚಹಾ ಬರುತ್ತಿತ್ತು. ಹೊರಗಿನಿಂದ ಬಂದವರು ಸಾಹೇಬರಿಗೆ ಚಹಾದ ಚಟ ಬಹಳ ಎಂದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಕಾಫಿಯವರು. ಆಯುಧಪೂಜೆಯ ದಿನ ಲಲಿತಮ್ಮನವರು ಬಂದು ಈ ವೈಭವ ನೋಡಿ, "ಇಷ್ಟು ಸುಲಭ ಅಂತ ಗೊತ್ತಿದ್ರೆ ಮದುವೆಯಾದ ವರ್ಷವೇ ಶುರು ಮಾಡ್ತಿದ್ದೆನಲ್ಲೇ ಸುನಂದಾ," ಎಂದರು.

ಕೆಲವು ವರ್ಷಗಳ ನಂತರ ಸರ್ ರಿಟೈರಾದರು. ಮಾತುಂಗದ ಮನೆ ಬಿಟ್ಟು ಎಲ್ಲರೂ ಮೈಸೂರಿಗೆ ಹೊರಟರು. ಬೀಳ್ಕೊಡಲು ವಿ.ಟಿ.ಗೆ ಹೋಗಿದ್ದೆ. ಸೀತಮ್ಮನವರು ತಮ್ಮ ಬರ್ತಿನ ಸುತ್ತ ಟ್ರಂಕುಗಳ ಕೋಟೆ ಕಟ್ಟಿಸಿಕೊಂಡು, ಬೋಗಿಯಲ್ಲಿದ್ದವರನ್ನೆಲ್ಲ ಆಗಲೇ ಗೋಡೆ ಮಾಡಿಬಿಟ್ಟಿದ್ದರು. ಸರ್ ಕಿಟಕಿಯ ಕಂಬಿ ಹಿಡಿದು ಕೂತಿದ್ದರು. ನನ್ನ ಕಣ್ಣು ಅವರ ಕೈಯ ಮೇಲೆ ಹೋಯಿತು.

"ಸರ್, ಬೆರಳು ಬೆಳ್ಳಗಾಗೇತಲ್ರಿ!"

"ಲಲಿತ ನಿಂಬೆಹಣ್ಣು ಹಾಕಿ ವಾರ ತಿಕ್ಕಿದಾಳಮ್ಮ. ನೆಂಟರು ಏನಂದ್ಕೊಳ್ತಾರೋ ಅಂತ. ನನಗೇ ಯಾರದೋ ಬೆರಳು ಅನ್ನಿಸ್ತಿದೆ." ಗಾಡಿ ಅಲುಗಿತು. ಅವರು ಕಂಬಿಗಳ ನಡುವಿನಿಂದ ಕೈ ಚಾಚಿದರು, ನಾನೂ ಚಾಚಿದೆ. ಅಷ್ಟರಲ್ಲಿ ಗಾಡಿ ಮುಂದಕ್ಕೆ ಹೋಯಿತು. "ಸಂದು ಬಂದುಬಿಡ್ತು ನೋಡಮ್ಮ!" ಎಂದು ಕೂಗಿ ಹೇಳಿದರು. ಮುಖದಲ್ಲಿ ನಗುವಿರಲಿಲ್ಲ. ನನಗೆ ಅಷ್ಟು ಹೊತ್ತಿಗೆ ಅದನ್ನು ಓದಲು ಬರುತ್ತಿತ್ತು.

ಮತ್ತೆ ನಾನು ಅವರನ್ನು ನೋಡಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವೆಂದು ಲಲಿತಮ್ಮನವರು ಒಂದು ಕಾರ್ಡು ಬರೆದರು. ಸಾವಂತ್‌ಗೆ ಹೇಳಿದೆ. ಅವರು ಬೆಂಚಿನ ಮೇಲೆ ತೆರೆದಿದ್ದ ನೀಲಿ ಪೇಸ್ಟಿನ ಡಬ್ಬಿಗೆ ಮುಚ್ಚಳ ಹಾಕಿದರು.

ಅದೇ ವರ್ಷ ನನ್ನ ಅತ್ತೆಗೆ ಆಪರೇಷನ್ನಾಗಿ ಪರೇಲ್‌ನ ಆಸ್ಪತ್ರೆಗೆ ಓಡಾಡುತ್ತಿದ್ದೆ. ಒಂದು ದಿನ ಔಷಧಿಯ ಕಿಟಕಿ ಹುಡುಕುತ್ತ ದಾರಿ ತಪ್ಪಿದೆ. ಅರ್ಧ ತೆರೆದ ಒಂದು ಕೋಣೆಯಲ್ಲಿ ನಮ್ಮ ಪೆಟ್ಟಿಗೆ ನಿಂತಿತ್ತು. ನಮ್ಮದೇ, ಆ ಮೊದಲನೆಯದೇ. ಬಳೆಯ ಮೇಲೆ ಸಾವಂತ್ ಓರೆಯಾಗಿ ಹೊಡೆದ ನಂಬರು ಇತ್ತು, ಕೀಲಿನ ಬದಿಯ ಹಲ್ಲುಗಳ ಮೇಲೆ ಉಜ್ಜಿದ ಗುರುತಿತ್ತು. ಬಾಗಿಲು ತೆರೆದಿತ್ತು. ಒಳಗೆ ಹೋದೆ. ನೀಲಿಯೆಲ್ಲಿಂದ ಬರಬೇಕು? ನಾವೇ ತೊಳೆದಿದ್ದೆವು, ಆಮೇಲೆ ಎಷ್ಟು ಹಬೆ, ಎಷ್ಟು ಕೈಗಳು ಅದರ ಮೇಲೆ ಹಾದುಹೋಗಿದ್ದವೋ. ಆದರೂ ಬಗ್ಗಿ, ಬೆಳಕಿಗೆ ಓರೆ ಮಾಡಿ, ಆಚೆ ಬದಿಯ ಕೊನೆಯ ಹಲ್ಲಿನ ಮೇಲೆ ಆ ಸುರುಳಿಯನ್ನೂ ಅಡ್ಡಗೆರೆಯನ್ನೂ ಹುಡುಕಿದೆ. ಸಿಗಲಿಲ್ಲ. ಅವರು ಒತ್ತಿದ್ದ ಜಾಗದಲ್ಲಿ ನನ್ನ ಹೆಬ್ಬೆರಳನ್ನು ಒತ್ತಿ ಹಿಡಿದೆ.

"ಅಹೋ ಬಾಯಿ! ಹಾತ್ ಲಾವೂ ನಕಾ!"

ಕೈ ಹಚ್ಚಬೇಡಿ ಎನ್ನುತ್ತ ಬಾಗಿಲಲ್ಲಿ ಒಬ್ಬ ಸಿಸ್ಟರ್ ನಿಂತಿದ್ದರು. ಅದುವರೆಗೂ ಸದ್ದಿಲ್ಲ, ಮುಟ್ಟಿದ ಕೂಡಲೇ ನೇರ ಆಕಾಶಕ್ಕೇರಿದ ದನಿ. ಥೇಟ್ ಸೀತಮ್ಮನವರದೇ. ತಪ್ಪು ನನ್ನದೇ, ಅಲ್ಲಿ ಮುಟ್ಟಬಾರದು. ಸಾರಿ ಎಂದು ಹೇಳಿ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಹೊರಗೆ ಬಂದೆ. ಅವಕ್ಕೆ ಒಂದೊಂದು ಗ್ಲಾಸು ಚಹಾ ಕೊಟ್ಟು ನಿಲ್ಲಿಸುವವರು ಅಲ್ಲಿ ಯಾರೂ ಇರಲಿಲ್ಲ.